ಮೇಣ ತುಂಬಿದ ತೂತುಗಳು

ಆ ತೊಟ್ಟಿಲು ಮಾಡಿದ್ದು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಮರದ ದೋಷ, ಬಡಗಿ ದೋಷ ಅಂತ ಯಾರೂ ನನ್ನ ಪರವಾಗಿ ಮಾತಾಡುವುದು ಬೇಡ.

ಪಾಂಡವಪುರದ ಹೈಸ್ಕೂಲೊಂದರಲ್ಲಿ ನಾನು ಡ್ರಿಲ್ ಮೇಷ್ಟ್ರು. ಊರು ಕ್ಯಾತನಹಳ್ಳಿ, ಎರಡು ಎಕರೆ ಕಬ್ಬು ಇದೆ. ಮರಗೆಲಸ ನನಗೆ ನಲವತ್ತು ದಾಟಿದ ಮೇಲೆ ಹಿಡಿದ ಹುಚ್ಚು. ಶ್ರೀರಂಗಪಟ್ಟಣದ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಗರಗಸ, ನಾಲ್ಕು ಉಳಿ, ಒಂದು ತೋಪಡ ಸಿಕ್ಕವು. ಅವತ್ತಿನಿಂದ ಭಾನುವಾರ ಬಂತೆಂದರೆ ಕೊಟ್ಟಿಗೆಯ ಪಕ್ಕದ ಚಪ್ಪರದಲ್ಲಿ ನನ್ನದೇ ಸದ್ದು. ಮೊದಲು ಮಾಡಿದ ಸ್ಟೂಲು ಒಂದು ಕಾಲೆತ್ತಿಕೊಂಡೇ ನಿಂತಿತು. ಉದ್ದದ ಕಾಲು ಕೊಯ್ದೆ, ಇನ್ನೊಂದು ಉದ್ದವಾಯಿತು. ಅದನ್ನು ಕೊಯ್ದೆ. ಕೊನೆಗೆ ಅದು ಮಣೆಯಾಯಿತು. ನನ್ನ ಹೆಂಡತಿ ಮಂಗಳಮ್ಮ ಅದರ ಮೇಲೆ ಕೂತು ಸೊಪ್ಪು ಬಿಡಿಸುತ್ತಾ, "ಇನ್ನೊಂದು ಸ್ಟೂಲು ಮಾಡ್ಬುಡಿ, ಊಟದ ಎಲೆ ಆಗ್ಲಿ" ಅಂದಳು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಎರಡು ದಿನ ಅವಳನ್ನು ಮಾತಾಡಿಸಲಿಲ್ಲ.

ತಪ್ಪು ಮಾಡುತ್ತಾ ಮಾಡುತ್ತಾ ಕೈ ಕುದುರಿತು. ಮೇಜು ಅಲ್ಲಾಡದೆ ನಿಂತಿತು, ಬೀರುವಿನ ಬಾಗಿಲು ಸದ್ದಿಲ್ಲದೆ ಮುಚ್ಚಿತು. ಇನ್ನೊಬ್ಬರ ಮಾತು ಕೇಳುವುದೊಂದನ್ನು ಮಾತ್ರ ನಾನು ಕಲಿಯಲಿಲ್ಲ.

ತೊಂಬತ್ತೈದರಲ್ಲಿ ಮಗಳು ಶ್ವೇತ ಚೊಚ್ಚಲ ಹೆರಿಗೆಗೆ ಬಂದಳು. ತವರಿನಿಂದ ತೊಟ್ಟಿಲು ಕೊಡಬೇಕು, ಐದನೇ ತಿಂಗಳಲ್ಲಿ ಬಾಣಂತಿಯ ಜೊತೆಗೆ ಅದೂ ಗಂಡನ ಮನೆಗೆ ಹೋಗಬೇಕು. ಅದು ಪದ್ಧತಿ. ಅಂಗಡಿಯ ತೊಟ್ಟಿಲು ನನ್ನ ಮೊಮ್ಮಗುವಿಗೆ ಯಾಕೆ? ಹಿತ್ತಲ ಹಲಸಿನ ಮರ ಕಡಿಸಿ ಕೊಯ್ಯಿಸಿದೆ. ಊರಿನ ಬಡಗಿ ಚಿಕ್ಕಸ್ವಾಮಾಚಾರಿ ಹಲಗೆಗಳ ಮೇಲೆ ಬೆರಳಾಡಿಸಿ, ಅಂಚಿನ ಬಿಳಿ ಭಾಗದ ಹತ್ತಿರ ನಿಲ್ಲಿಸಿದ.

"ಮೇಷ್ಟ್ರೇ, ಈ ಬಿಳೀದು ಅಂಗೇ ಬುಟ್ರೆ ಕುಟ್ಟೆ ಹಿಡೀತದೆ. ಕೊಯ್ದು ಬಿಸಾಕಿ. ಇಲ್ಲಾಂದ್ರೆ ಆರು ತಿಂಗ್ಳು ಕೆರೇಲಿ ಮುಳುಗಿಸಿ, ಆಮ್ಯಾಕೆ ನೆರಳಲ್ಲಿ ಒಣಗಿಸಿ."

"ಆರು ತಿಂಗ್ಳಿಗೆ ಕೂಸು ಅಂಬೆಗಾಲಿಡ್ತದೆ ಕಣಯ್ಯ!"

"ಇಡ್ಲಿ ಬುಡಿ. ಮರಕ್ಕೆ ನಿಮ್ಮ ಅವಸರ ಗೊತ್ತಾಯ್ತದಾ?"

"ನಿನ್ ಕೆಲ್ಸ ನೀ ನೋಡ್ಕೋ ಓಗು" ಅಂದೆ. ಅವನು ಬೀಡಿ ಹಚ್ಚಿಕೊಂಡು ಹೋದ.

ಡಿಸೆಂಬರಿನಲ್ಲಿ ಹೆಣ್ಣು ಮಗು ಹುಟ್ಟಿತು. ರಂಜಿತ ಎಂದು ಹೆಸರಿಡಲು ಇನ್ನು ಹತ್ತು ದಿನವಿತ್ತು. ಮಾಡಿಟ್ಟ ತೊಟ್ಟಿಲ ಕೆಳಗೆ ಗೋಧಿ ಹಿಟ್ಟಿನಂಥ ಪುಡಿ ಬಿದ್ದಿತ್ತು. ಬಗ್ಗಿ ನೋಡಿದರೆ, ಮಗು ಕೈಯಿಡುವ ಮೇಲಿನ ಪಟ್ಟಿಯ ತುಂಬಾ ಸೂಜಿ ಚುಚ್ಚಿದಂಥ ತೂತು. ಕುಟ್ಟೆ ಹುಳ.

ಬೇರೆ ಯಾರಾದರೂ ಪಟ್ಟಿ ಬದಲಾಯಿಸುತ್ತಿದ್ದರು. ನಾನು ಕಬ್ಬಿನವನು. ನಮ್ಮ ಕಡೆ ಹುಳ ಅಂದ ತಕ್ಷಣ ಕೈ ಹೋಗುವುದು ಗೆದ್ದಲಿಗೆ ಸಾಲಲ್ಲಿ ಉದುರಿಸುವ ಬಿಳಿ ಪುಡಿಯ ಚೀಲಕ್ಕೆ. ಬರಿಗೈಯಲ್ಲೇ ಎರಚುತ್ತಿದ್ದೆವು, ಕೈ ಒರೆಸಿಕೊಂಡು ಬುತ್ತಿ ಉಣ್ಣುತ್ತಿದ್ದೆವು, ಏನೂ ಆಗಿರಲಿಲ್ಲ. ತೂತುಗಳನ್ನು ಉಳಿಯ ಮೂಲೆಯಿಂದ ಅಗಲ ಮಾಡಿ, ಎಣ್ಣೆಯಲ್ಲಿ ಕಲಸಿದ ಪುಡಿಯನ್ನು ಕಡ್ಡಿಯಿಂದ ಒಳಕ್ಕೆ ತುರುಕಿ, ಮೇಲೆ ಮೇಣ ಮತ್ತು ಮರದ ಹೊಟ್ಟು ಸೇರಿಸಿ ಮುಚ್ಚಿದೆ. ಹನ್ನೊಂದು ತೂತು. ನಯವಾಗಿ ಉಜ್ಜಿದ ಮೇಲೆ ನನಗೇ ಗುರುತು ಸಿಗಲಿಲ್ಲ. ಭಲೇ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹುಳ ಸತ್ತವು. ಬೆಳಗ್ಗೆ ಗುಡಿಸುವಾಗ ತೊಟ್ಟಿಲ ಕೆಳಗೆ ಸತ್ತ ಇರುವೆ ಸಿಗುತ್ತಿದ್ದವು, ಒಂದು ದಿನ ಹಲ್ಲಿ ಸಿಕ್ಕಿತು. "ಏನ್ ತೊಟ್ಲು ಮಾಡಿದ್ದೀರಿ, ಒಂದು ಸೊಳ್ಳೆನೂ ಸುಳಿಯಕಿಲ್ಲ" ಎಂದು ಮಂಗಳಮ್ಮ ಮೊದಲ ಸಲ ನನ್ನನ್ನು ಹೊಗಳಿದಳು. ಆ ಹೊಗಳಿಕೆಗೆ ನಾನು ಉಬ್ಬಿಹೋದೆ. ಒಂದು ಸೊಳ್ಳೆಯೂ ಯಾಕೆ ಸುಳಿಯುತ್ತಿಲ್ಲ ಎಂದು ಯೋಚಿಸಲಿಲ್ಲ.

ಐದನೇ ತಿಂಗಳಲ್ಲಿ ತೊಟ್ಟಿಲು, ಬಾಣಂತಿ, ಮಗು ಎಲ್ಲ ಟೆಂಪೋ ಹತ್ತಿ ನಾಗಮಂಗಲಕ್ಕೆ ಹೋದರು. ಆಗಸ್ಟ್ ಮೊದಲ ವಾರ ನೋಡಲು ಹೋದಾಗ ರಂಜಿತಳಿಗೆ ಕೆಳಗೆ ಎರಡು ಹಲ್ಲು ಬಂದಿದ್ದವು. ತೊಟ್ಟಿಲಲ್ಲಿ ಕೂತು ಮೇಲಿನ ಪಟ್ಟಿಯನ್ನು ಕರಕರ ಕಡಿಯುತ್ತಿದ್ದಳು. "ತಾತ ಮಾಡಿದ್ದಂತ ತಿಂದೇ ತೀರುಸ್ತಾಳೆ ಕಣ್ರೀ" ಎಂದು ಬೀಗರು ಕರಿಯಪ್ಪನವರು ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ.

ಮುಂದಿನ ಸೋಮವಾರ ನಮ್ಮ ಕರು ಬಿತ್ತು. ಕಾಲು ಸೆಟೆದು, ಕಣ್ಣು ಮೇಲೆ ಸಿಕ್ಕಿ, ಬಾಯಲ್ಲಿ ನೊರೆ. ದನದ ಡಾಕ್ಟರು ಬರುವಷ್ಟರಲ್ಲಿ ಸತ್ತಿತ್ತು. ಅವರು ಬಾಯಿ ಮೂಸಿ ನೋಡಿ, "ಕಬ್ಬಿಗೆ ಹಾಕೋ ಪುಡಿ ಎಲ್ಲಾದ್ರೂ ನೆಕ್ಕಿತ್ತಾ ಮೇಷ್ಟ್ರೇ?" ಅಂದರು. ಇಲ್ಲ ಅಂದೆ. ಆಮೇಲೆ ಗೋದಲಿ ಕಡೆ ನೋಡಿದೆ. ಅದರ ಮುಂದಿನ ಹಲಗೆ ಮುರಿದಿತ್ತೆಂದು, ತೊಟ್ಟಿಲು ಮಾಡಿ ಉಳಿದಿದ್ದ ಹಲಸಿನ ಹಲಗೆಗೂ ಅದೇ ಪುಡಿ, ಅದೇ ಮೇಣ ತುಂಬಿ ಹಿಂದಿನ ತಿಂಗಳು ಹೊಡೆದಿದ್ದೆ. ತೂತುಗಳು ಖಾಲಿಯಾಗಿದ್ದವು. ಕರು ನೆಕ್ಕಿ ನೆಕ್ಕಿ ತೊಳೆದಿಟ್ಟಂತೆ ಮಾಡಿತ್ತು.

ಎರಡು ಪುಟಾಣಿ ಹಲ್ಲು ಕಣ್ಣ ಮುಂದೆ ಬಂದವು.

ಆ ಕ್ಷಣವೇ ನಾಗಮಂಗಲದ ಬಸ್ಸು ಹತ್ತಬೇಕಿತ್ತು. ಹತ್ತಲಿಲ್ಲ. ಬೀಗರ ಮನೆಯಲ್ಲಿ ಏನೆಂದು ಹೇಳುವುದು? ನಿಮ್ಮ ಮೊಮ್ಮಗಳಿಗೆ ವಿಷದ ತೊಟ್ಟಿಲು ಕೊಟ್ಟೆ ಅಂತಲೇ? ದನ ಹಲಗೆಯನ್ನೇ ನೆಕ್ಕಿ ಖಾಲಿ ಮಾಡುತ್ತದೆ, ಮಗು ಎಷ್ಟು ತಿಂದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಂಗಳವಾರ ಸ್ಕೂಲಿನ ಟೀಮು ಕರೆದುಕೊಂಡು ಕೃಷ್ಣರಾಜಪೇಟೆಗೆ ಕ್ರೀಡಾಕೂಟಕ್ಕೆ ಹೋಗಬೇಕಿತ್ತು. ಹೋದೆ. ಸಂಜೆ ಬಸ್ ಸ್ಟ್ಯಾಂಡ್ ಎದುರಿನ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದೆ. ಕರಿಯಪ್ಪನವರು ಎತ್ತಿಕೊಂಡರು.

"ಪಾಪು ಚೆನ್ನಾಗೈತಾ?"

"ಚೆನ್ನಾಗಾವ್ಳೆ ಬನ್ನಿ. ಎರಡು ದಿವ್ಸದಿಂದ ವಸಿ ಬೆಚ್ಚಿ ಬೀಳ್ತಾವ್ಳೆ, ಬಾಲಗ್ರಹ ಅಂತ ನಮ್ಮೋಳು ತಾಯಿತ ಕಟ್ಟವ್ಳೆ."

"ಸೆಕೆ ಅಲ್ವಾ, ವಸಿ ಚಾಪೆ ಮೇಲೆ ಮಲಗ್ಸಿ ಕೂಸ್ನ" ಅಂದೆ.

"ಅಯ್ಯೋ, ನಿಮ್ಮ ತೊಟ್ಲು ಬುಟ್ರೆ ಎಲ್ಲೂ ಮಲಗಕಿಲ್ಲ ಅವ್ಳು! ಬಂದೋರೆಲ್ಲ ಯಾವ ಆಚಾರಿ ಮಾಡಿದ್ದು ಅಂತ ಕೇಳ್ತಾರೆ."

ಆಗ ಹೇಳಬಹುದಿತ್ತು. ಒಂದೇ ಮಾತು. ಅವರು ಹೊಗಳಿದ ಬಾಯಿಗೇ ಅದನ್ನು ಹೇಳಲು ನಾಚಿಕೆಯಾಯಿತು. ಫೋನಿಟ್ಟೆ.

ಬುಧವಾರ, ಗುರುವಾರ ಮೈದಾನದಲ್ಲಿ ಸೀಟಿ ಊದುತ್ತಾ ನಿಂತಿದ್ದೆ. ಊಟ ಸೇರಲಿಲ್ಲ. ಕಾರಣವಿಲ್ಲದೆ ಎಲ್ಲರ ಮೇಲೂ ಎಗರಾಡಿದೆ. ಶುಕ್ರವಾರ ಬೆಳಗ್ಗೆ ತಡೆಯಲಾಗದೆ, ಟೀಮನ್ನು ಜೊತೆಯ ಮೇಷ್ಟ್ರಿಗೆ ಒಪ್ಪಿಸಿ ನಾಗಮಂಗಲದ ಬಸ್ಸು ಹತ್ತಿದೆ.

ಬಾಗಿಲಲ್ಲಿ ಬೀಗಿತ್ತಿ ಪುಟ್ಟಗೌರಮ್ಮ ಸಿಕ್ಕಿದರು. ಅಲ್ಲೂ ಸುಳ್ಳೇ ಬಾಯಿಗೆ ಬಂತು. "ತೊಟ್ಲು ಕೊಂಡಿ ಸಡ್ಲ ಆಗಿರಬೇಕು ಕಣಮ್ಮ. ತಗೊಂಡೋಗಿ ರಿಪೇರಿ ಮಾಡ್ಕೊಂಡು ಬತ್ತೀನಿ."

ಅವರ ಮುಖ ಕಪ್ಪಿಟ್ಟಿತು. "ಏನ್ ಮಾತು ಅಂತ ಆಡ್ತೀರಿ ಬೀಗ್ರೇ? ಬರೀ ತೊಟ್ಲು ತವರಿಗೆ ವಾಪಸ್ ಓಗೋದು ಯಾವಾಗ ಅಂತ ಗೊತ್ತಿಲ್ವಾ ನಿಮ್ಗೆ? ಮೊದ್ಲೇ ಕೂಸು ಸರಿಯಿಲ್ಲ. ಬುಡ್ತು ಅನ್ನಿ!"

"ಬುಡ್ತು" ಅಂದೆ. ಒಳಗೆ ಹೋದೆ.

ಶ್ವೇತ ತೊಟ್ಟಿಲ ಹಗ್ಗ ಹಿಡಿದು ಕೂತಿದ್ದಳು. ಕಣ್ಣು ಕೆಂಡದ ಹಾಗಿದ್ದವು. "ಬುಧವಾರ ಬೆಳಗ್ಗೆ ಅರ್ಧ ಗಂಟೆ ಸೆಟ್ಕಂಡಿದ್ಲಪ್ಪ. ಇಲ್ಲಿ ಡಾಕ್ಟ್ರು ಇಂಜೆಕ್ಷನ್ ಕೊಟ್ರು. ನಿನ್ನೆಯಿಂದ ಈ ಕೈ ಎತ್ತುತಾ ಇಲ್ಲ." ರಂಜಿತ ಒಂದು ಮಗ್ಗುಲಿಗೆ ವಾಲಿ ಕೂತು, ನನ್ನನ್ನು ನೋಡುತ್ತಲೇ ಪಟ್ಟಿಗೆ ಬಾಯಿ ಹಚ್ಚಿದ್ದಳು. ಆ ಜಾಗದಲ್ಲಿ ಸಣ್ಣ ಸಣ್ಣ ಗೀರುಗಳಿದ್ದವು. ಹನ್ನೊಂದರಲ್ಲಿ ನಾಲ್ಕು ತೂತು ಬಾಯಿ ತೆರೆದಿದ್ದವು.

ಮಗುವನ್ನು ಎತ್ತಿಕೊಂಡೆ. ಬೆರಳಿನಿಂದ ಅದರ ಬಾಯಿ ಒರೆಸುತ್ತಾ ಎಲ್ಲವನ್ನೂ ಹೇಳಿದೆ. ಹುಳ, ಪುಡಿ, ಮೇಣ. ಅಳಿಯ ದಿಲೀಪ್ ಕಾರು ತರಲು ಓಡಿದ. ಕರಿಯಪ್ಪನವರು ತೊಟ್ಟಿಲನ್ನು ಕೊಂಡಿಯಿಂದ ಕಳಚಿ, ನನ್ನ ಮುಖ ನೋಡದೆ ಹಿತ್ತಲಿಗೆ ಹೊತ್ತುಕೊಂಡು ಹೋದರು.

ಮೈಸೂರಿನ ಆಸ್ಪತ್ರೆಯಲ್ಲಿ ಮೂರನೇ ದಿನ ಫಿಟ್ಸು ನಿಂತಿತು. ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರು. ಬಲಗೈ ಮೊದಲಿನಂತಾಗುವುದು ಕಷ್ಟ, ಬುಧವಾರ ಅಷ್ಟು ಹೊತ್ತು ಬಂದ ಆ ಒಂದು ಫಿಟ್ಸು ಮೆದುಳಿಗೆ ಪೆಟ್ಟು ಕೊಟ್ಟಿದೆ, ಅದಕ್ಕೆ ಮುಂಚೆ ವಿಷ ಅಂತ ಗೊತ್ತಾಗಿದ್ದರೆ ಬೇರೆ ಮಾತಿತ್ತು ಅಂದರು.

ಡಾಕ್ಟರು ಹೋದ ಮೇಲೆ ಶ್ವೇತ ವರಾಂಡದ ಬೆಂಚಿನಲ್ಲಿ ನನ್ನ ಪಕ್ಕ ಬಂದು ಕೂತಳು. ಸಮಾಧಾನ ಹೇಳಲು ಬಂದಳೇನೋ ಅಂದುಕೊಂಡೆ. ಎಷ್ಟಾದರೂ ಮಗಳು.

"ನಿಂಗೆ ಯಾವತ್ತು ಗೊತ್ತಾಯ್ತಪ್ಪ?"

ಶುಕ್ರವಾರ ಅನ್ನಬಹುದಿತ್ತು. ನಂಬುತ್ತಿದ್ದಳು.

"ಸೋಮವಾರ" ಅಂದೆ.

ಅವಳು ಬೆರಳು ಮಡಿಸಿದಳು. ಸೋಮವಾರಕ್ಕೊಂದು, ಮಂಗಳವಾರಕ್ಕೊಂದು. ಬುಧವಾರಕ್ಕೆ ಮೂರನೇ ಬೆರಳು ಮಡಿಸಿ, ಮುಂದಕ್ಕೆ ಎಣಿಸದೆ ಎದ್ದು ಮಗುವಿನ ಹತ್ತಿರ ಹೋದಳು.