ಹಳದಿಯಾಗದ ಕಣ್ಣು

"ನಿಮ್ಮವರು ಯಾರಾದ್ರೂ ಬಂದಿದಾರಾ?" ಡಾಕ್ಟರು ಮೂರನೆಯ ಸಲ ಕೇಳಿದರು.

ಇಂಥ ಕಾಯಿಲೆಯ ಮಾತನ್ನು ರೋಗಿಯ ಮುಂದೆ ಆಡುವ ವಾಡಿಕೆ ಗ್ರೀಸಿನ ಕರಾವಳಿ ಊರಾದ ವೋಲೋಸ್‌ನ ಹಳೆಯ ಡಾಕ್ಟರುಗಳಿಗಿಲ್ಲ. ಮನೆಯವರಿಗೆ ಹೇಳುತ್ತಾರೆ, ಮನೆಯವರು ನಗುನಗುತ್ತ ಬಚ್ಚಿಡುತ್ತಾರೆ. ಎವಾಂಥಿಯಾಳಿಗೆ ಬಚ್ಚಿಡುವವರೂ ಇರಲಿಲ್ಲ.

"ತಂಗಿ ಕೆಳಗಿದಾಳೆ," ಎಂದುಬಿಟ್ಟಳು.

ಆಸ್ಪತ್ರೆಯ ಗೇಟಿನ ಬಳಿ ಸ್ಟಮಾತಿಯಾ ಕುಲೂರಿ ಮಾರುತ್ತಿದ್ದಳು, ಎಳ್ಳು ಮೆತ್ತಿದ ಬಳೆಯಂಥ ಬ್ರೆಡ್ಡು. ತಿಂಗಳಿಡೀ ಪರೀಕ್ಷೆಗಳಿಗೆಂದು ಓಡಾಡಿದ ಎವಾಂಥಿಯಾಳ ಜೊತೆ ನಿಂತು ನಾಲ್ಕು ಮಾತಾಡಿದವಳು ಅವಳೊಬ್ಬಳೇ. ಎವಾಂಥಿಯಾ ಇಳಿದು ಬಂದು, ತಂಗಿಯೆಂದು ಹೇಳಿಕೊಂಡು ಡಾಕ್ಟರ ಬಳಿ ಬರಲು ಅವಳನ್ನು ಕೇಳಿದಳು.

"ನಿಮ್ಮ ತಂಗೀನಾ? ನಾನಾ? ಟೀಚರಮ್ಮ, ನಿಮ್ಮ ಮೂಗು ನೋಡ್ಕೊಳ್ಳಿ, ನನ್ನ ಮೂಗು ನೋಡಿ!"

ಎವಾಂಥಿಯಾ ನಗಲಿಲ್ಲ. ಸ್ಟಮಾತಿಯಾ ಏಪ್ರನ್ ಬಿಚ್ಚಿ ಬುಟ್ಟಿಗೆ ಹೊದಿಸಿ ಮೆಟ್ಟಿಲು ಹತ್ತಿದಳು.

ಅವಳ ಹಿಂದೆ ಡಾಕ್ಟರ ಕೋಣೆಯ ಬಾಗಿಲು ಮುಚ್ಚಿತು; ಎವಾಂಥಿಯಾ ಹೊರಗೆ ಕೂತಳು. ಎದುರು ಬೆಂಚಿನಲ್ಲಿ ಒಬ್ಬ ಮುದುಕನಿಗೆ ಕಿತ್ತಳೆ ಸುಲಿಯಲು ಮೂವರು ಹೆಣ್ಣುಮಕ್ಕಳು ಕಿತ್ತಾಡುತ್ತಿದ್ದರು.

ಹೊರಬಂದ ಸ್ಟಮಾತಿಯಾ ಪಕ್ಕದಲ್ಲಿ ಕೂತಳು. "ಬರೀ ಹೊಟ್ಟೆ ಹುಣ್ಣು ಅಂತ ಹೇಳಮ್ಮ ಅಂದ್ರು. ನಿಜವಾದ ತಂಗಿಯಾಗಿದ್ರೆ ಹಾಗೇ ಹೇಳ್ತಿದ್ದೆ. ನನ್ನ ಕೈಲಾಗಲ್ಲ."

"ಇದ್ದಿದ್ದು ಹೇಳು."

"ಕ್ಯಾನ್ಸರ್. ಮೇದೋಜೀರಕದ ಬಾಲದ ತುದೀಲಿ. ನ್ಯೂರೋ ಏನೋ ಅಂದ್ರು, ಹಾರ್ಮೋನ್ ಮಾಡೋ ಕಣದಲ್ಲಿ ಹುಟ್ಟೋದಂತೆ, ನಿಧಾನಕ್ಕೆ ಬೆಳೆಯೋ ಜಾತಿ. ಆದ್ರೆ ಲಿವರ್‌ಗೂ ಎರಡು ಚುಕ್ಕೆ ಹೋಗಿದೆ. ಆಪರೇಷನ್ ಮಾಡ್ತಾರೆ. ವರ್ಷಗಟ್ಟಲೆ ಬದುಕಿದೋರೂ ಇದಾರಂತೆ, ಆದ್ರೆ ಮಾತು ಕೊಡಕ್ಕಾಗಲ್ಲ ಅಂದ್ರು."

"ಇಷ್ಟು ದಿನ ಗೊತ್ತೇ ಆಗ್ಲಿಲ್ವಲ್ಲ?"

"ಗಡ್ಡೆ ಮೇದೋಜೀರಕದ ತಲೆ ಕಡೆ ಇದ್ದಿದ್ರೆ ಪಿತ್ತದ ನಾಳ ಒತ್ತಿ ಕಣ್ಣು ಹಳದಿ ಆಗ್ತಿತ್ತಂತೆ. ಯಾರಾದ್ರೂ ನೋಡಿ ಬೇಗ ಕರ್ಕೊಂಡು ಬರ್ತಿದ್ರು. ಬಾಲದ ಕಡೆಯದು ಸದ್ದೇ ಮಾಡಲ್ವಂತೆ."

ಎವಾಂಥಿಯಾ ಕೈಚೀಲದ ಹಿಡಿಯನ್ನು ಸರಿಮಾಡಿಕೊಂಡಳು. "ಹಳದಿ ಆಗಿದ್ರೂ ಯಾರು ನೋಡ್ತಿದ್ರು?"

ಎದುರಿನ ಹೆಣ್ಣುಮಕ್ಕಳಲ್ಲಿ ಒಬ್ಬಳು ಎದ್ದು ಬಂದು, ಏನೂ ಕೇಳದೆ, ಇಬ್ಬರ ಕೈಗೂ ಒಂದೊಂದು ಕಿತ್ತಳೆ ತೊಳೆ ಇಟ್ಟು ಹೋದಳು.

ಆಪರೇಷನ್ನಿಗೆ ಇನ್ನೂ ಹನ್ನೆರಡು ದಿನವಿತ್ತು. ಮರುದಿನ ಪರೀಕ್ಷೆಯೇನೂ ಇರಲಿಲ್ಲ. ಆದರೂ ಎವಾಂಥಿಯಾ ಬಸ್ಸು ಹತ್ತಿ ಗೇಟಿನ ಬಳಿ ಬಂದಳು. ಸ್ಟಮಾತಿಯಾ ಗಿರಾಕಿಯನ್ನು ಕಾಯಲು ಹೇಳಿ, ಅವಳ ಗಲ್ಲ ಹಿಡಿದು ಮುಖವನ್ನು ಸಮುದ್ರದ ಬೆಳಕಿಗೆ ತಿರುಗಿಸಿದಳು. ಎಳ್ಳು ಅಂಟಿದ ಹೆಬ್ಬೆರಳಿನಿಂದ ಕೆಳಗಿನ ರೆಪ್ಪೆಯನ್ನು ಮೆಲ್ಲಗೆ ಎಳೆದಳು.

"ಬೆಳ್ಳಗಿದೆ. ನಾಳೆ ಬಾ, ಅಕ್ಕ."

ಆ ಗಡ್ಡೆ ಕಣ್ಣಿಗೆ ಬಣ್ಣ ತರುವಂಥದ್ದಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಎವಾಂಥಿಯಾ ಇನ್ನೊಂದು ಕಣ್ಣನ್ನೂ ಬೆಳಕಿಗೆ ಹಿಡಿದು, ರೆಪ್ಪೆ ಮಿಟುಕಿಸದೆ ನಿಂತಳು.