ಬಾಗಿಲು ಅಳೆದವರು

“ಬಾಗಿಲು ಅಳೆದ್ರು ಕಣೇ! ಕಣ್ಣಾರೆ ಕಂಡೆ. ಈ ಕಡೆಯಿಂದ ಆ ಕಡೆಗೆ ಟೇಪು ಹಿಡಿದು, ಚೀಟೀಲಿ ಬೇರೆ ಬರ್ಕೊಂಡ್ರು. ಇವತ್ತು ಬಾಗಿಲು, ನಾಳೆ ಮನೆ!”

ಹೀಗೆ ಕೂಗುತ್ತಿದ್ದವರು ಗಡಿಯಾರ ರಿಪೇರಿಯವರ ಹೆಂಡತಿ. ಕೈಯಲ್ಲಿ ಪೊರಕೆ ಇನ್ನೂ ಇತ್ತು. ಅದನ್ನೇ ತೋರಿಸಿ ಮೂವರನ್ನು ಆಗತಾನೇ ಬೀದಿಗೆ ಅಟ್ಟಿದ್ದರು. ಕೇಳಿಸಿಕೊಳ್ಳುತ್ತಿದ್ದವರು ಪಕ್ಕದ ಮನೆಯ ನರ್ಸಮ್ಮ.

“ಯಾಕೆ ಬಂದ್ರಿ ಅಂತ ಕೇಳಿದ್ರಾ ಅಕ್ಕಾ?”

“ಕೇಳೋದೇನು ಬಂತು? ಒಬ್ರು ದೇವಸ್ಥಾನದ ಕಡೆ ಮೇಷ್ಟ್ರು, ಒಬ್ರು ಮಸೀದಿ ಪಕ್ಕದ ಟೈಲರ್, ಇನ್ನೊಬ್ಳು ಚರ್ಚಿಗೆ ಹೋಗೋ ಬೇಕರಿಯಮ್ಮ. ಮೂರು ದಾರಿಯೋರು ಒಟ್ಟಿಗೆ ಬಂದಿದ್ದಾರೆ ಅಂದ್ರೆ ಸುಮ್ನೆ ಬಂದಿರ್ತಾರಾ? ಟೈಲರ್ ಏನು, ಬಾಗಿಲಿಗೂ ಅಂಗಿ ಹೊಲೀತಾನಾ?”

ಒಳಕೋಣೆಯಲ್ಲಿ ಗಡಿಯಾರ ರಿಪೇರಿಯವರು ಮಲಗಿದ್ದರು. ಲಕ್ವ ಹೊಡೆದು ಐದು ವಾರವಾಗಿತ್ತು. ಎಡಗಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. ಮಲಗಿ ಮಲಗಿ ಬೆನ್ನು ಕೆಂಪಾಗತೊಡಗಿತ್ತು. ವ್ಯಾಯಾಮ ಮಾಡಿಸುವ ಆಸ್ಪತ್ರೆ ಬರೀ ಎರಡು ಬೀದಿ ಆಚೆ. ಆದರೆ ಎತ್ತಿಕೊಂಡು ಹೋಗುವವರಾರು? ಒಂದು ಸಲವೂ ಹೋಗಿರಲಿಲ್ಲ.

“ಅಕ್ಕಾ, ಅವರನ್ನ ಕಳಿಸಿದ್ದು ನಾನೇ. ಮೂವರೂ ಸೇರಿ ಒಂದು ಸೇವಾ ಸಂಘ ನಡೆಸ್ತಾರೆ. ಕಾಯಿಲೆಯೋರಿಗೆ ಗಾಲಿಕುರ್ಚಿ, ವಾಕರ್ ಎಲ್ಲ ಎರವಲು ಕೊಡ್ತಾರೆ. ನಿಮ್ಮ ಬಾಗಿಲಲ್ಲಿ ಯಾವ ಕುರ್ಚಿ ಹಿಡಿಸುತ್ತೆ ಅಂತ ನೋಡ್ತಿದ್ರು.”

“ಹಾಗಂತ ಬಾಯಿಬಿಟ್ಟು ಹೇಳೋಕೇನಾಗಿತ್ತು ರೋಗ?”

“ಹೊಂದೋ ಕುರ್ಚಿ ಕೈಗೆ ಸಿಗೋವರೆಗೂ ಆಸೆ ಹುಟ್ಟಿಸಬಾರದು ಅಂತ ಅವರ ನಿಯಮ. ಅದೊಂದು ಅವರ ತಪ್ಪೇ ಅನ್ನಿ. ಅಷ್ಟರಲ್ಲಿ ನೀವು ಪೊರಕೆ ಎತ್ತಿದ್ರಿ.”

“ಪುಕ್ಸಟ್ಟೆ ಯಾರೂ ಏನೂ ಕೊಡಲ್ಲ ಕಣೇ. ಮೊದಲು ಕುರ್ಚಿ ಕೊಡ್ತಾರೆ, ಆಮೇಲೆ ನಮ್ ದೇವರಿಗೆ ಕೈ ಮುಗೀರಿ ಅಂತಾರೆ.”

“ಅನುಮಾನ ಪಡಿ, ಬೇಡ ಅನ್ನಲ್ಲ. ಆದ್ರೆ ನನ್ನ ಹತ್ರ ಅಲ್ಲ, ಅವರ ಮುಖಕ್ಕೇ ಕೇಳಿ. ತಡ ಆದಷ್ಟೂ ಅಣ್ಣನ ಕಾಲಿಗೆ ಬಲ ಬರೋದು ಕಷ್ಟ.”

ಮೂರನೆಯ ದಿನ ಬೆಳಿಗ್ಗೆ ಕುರ್ಚಿ ಬಂತು. ಹಿಂದೆಯೇ ಮೂವರೂ ಬಂದರು. ಅಕ್ಕ ಬಾಗಿಲಿಗೆ ಅಡ್ಡ ನಿಂತರು. ಪೊರಕೆ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು.

“ಹೊಸಿಲು ದಾಟೋ ಮುಂಚೆ ಹೇಳಿ. ಇದಕ್ಕೆ ಬದಲು ನಮ್ಮಿಂದ ಏನು ಬೇಕು?”

“ಕುರ್ಚಿ ವಾಪಸ್ ಬೇಕಮ್ಮ,” ಎಂದರು ಬೇಕರಿಯಮ್ಮ. “ಯಜಮಾನ್ರು ನಡೆಯೋ ಹಾಗಾದ್ಮೇಲೆ. ಕಾಯ್ತಿರೋ ಮನೆ ಇನ್ನೂ ಇವೆ.”

“ಸಹಿ ಗಿಹಿ?”

“ಒಂದೇ. ಕುರ್ಚಿ ತಗೊಂಡಿದ್ದೀನಿ, ವಾಪಸ್ ಕೊಡ್ತೀನಿ ಅಂತ. ನರ್ಸಮ್ಮನ ಕೈಲಿ ಓದಿಸಿ, ಆಮೇಲೆ ಹಾಕಿ.”

“ಒಂದು ಕುರ್ಚಿ ತಳ್ಳೋಕೆ ಮೂವರು ಯಾಕೆ?”

ಟೈಲರ್ ನಕ್ಕರು. “ನಾನೊಬ್ಬನೇ ಬಂದ್ರೆ ನಮ್ಮ ಕಡೆ ಎಳೀತಾನೆ ಅಂತೀರಿ. ಮೇಷ್ಟ್ರೊಬ್ರೇ ಹೋದ್ರೆ ನಮ್ಮ ಬೀದಿಯೋರೂ ಅದನ್ನೇ ಅಂತಾರೆ. ಮೂವರೂ ಬಂದ್ರೆ ಒಬ್ಬರ ಮೇಲೆ ಇಬ್ಬರ ಕಣ್ಣಿರುತ್ತಲ್ಲ.”

“ರೋಗಿಯ ಮನೇಲಿ ದೇವರ ಮಾತು ಎತ್ತೋ ಹಾಗಿಲ್ಲ,” ಎಂದರು ಮೇಷ್ಟ್ರು. “ಎತ್ತಿದೋರು ಆ ವಾರ ಎಲ್ಲ ಕುರ್ಚಿಗಳ ಗಾಲಿ ಒರೆಸಬೇಕು. ಮೂರು ವಾರದಿಂದ ನಾನೇ ಒರೆಸ್ತಿದ್ದೀನಿ. ಏನ್ಮಾಡ್ಲಿ, ಈ ಬಾಯಿ ಸುಮ್ನಿರಲ್ಲ.” ಅವರ ಹೆಗಲ ಮೇಲೆ ಮಸಿಯಾದ ಬಟ್ಟೆಯೊಂದಿತ್ತು.

ಅಕ್ಕ ನಗಲಿಲ್ಲ. ಮೂವರನ್ನೂ ಬಿಸಿಲಲ್ಲೇ ನಿಲ್ಲಿಸಿ, ಬೀದಿಯ ಕೊನೆಮನೆಯ ಇಸ್ತ್ರಿಯಮ್ಮನ ಹತ್ತಿರ ಹೋದರು. ಹೋದ ವರ್ಷ ಅವಳಿಗೆ ಇದೇ ಸಂಘದವರು ವಾಕರ್ ಕೊಟ್ಟಿದ್ದರು.

“ನಿಜ ಹೇಳು. ನಿನ್ನ ಕೈಲಿ ಪ್ರಾರ್ಥನೆ ಮಾಡಿಸಿದ್ರಾ?”

“ಪ್ರಾರ್ಥನೆಯಾ? ವಾಕರ್ ವಾಪಸ್ ಕೇಳೋಕೆ ಬಂದಾಗ ನನ್ನ ಕೈಲಿ ಬೈಸ್ಕೊಂಡು ಹೋದ್ರು, ಅಷ್ಟೇ. ಆ ವಾಕರ್‌ಗೆ ಒಗ್ಗಿಹೋಗಿದ್ದೆ ನೋಡು.”

ಅಕ್ಕ ಮರಳಿ ಬಂದರು. ನರ್ಸಮ್ಮನಿಂದ ಕಾಗದವನ್ನು ಎರಡು ಸಲ ಓದಿಸಿ ಸಹಿ ಹಾಕಿದರು. ಆಮೇಲೆ ಬಾಗಿಲಿನಿಂದ ಸರಿದು ನಿಂತರು.

“ಬನ್ನಿ ಒಳಗೆ. ಚಪ್ಪಲಿ ಆಚೆ.”

ಇದನ್ನು ಓದುತ್ತಿರುವ, ಕೇಳುತ್ತಿರುವ ನೀವೂ ನೆರವಿಗೆಂದು ಬಂದವರ ಮೇಲೆ ಅನುಮಾನ ಪಡಿ, ತಪ್ಪೇನಿಲ್ಲ. ಯಾರು ನೀವು, ಬದಲಿಗೆ ಏನು ಬೇಕು ಎಂದು ಬಾಯಿಬಿಟ್ಟು ಕೇಳಿ. ಕಾಗದ ಓದಿಸಿ ಸಹಿ ಹಾಕಿ. ಮೊದಲೇ ನೆರವು ಪಡೆದವರ ಮನೆಗೆ ಹೋಗಿ ವಿಚಾರಿಸಿ. ಉತ್ತರ ಸರಿ ಕಾಣದಿದ್ದರೆ ಕಳಿಸಿಬಿಡಿ. ಆದರೆ ಕೇಳದೆಯೇ ಬಾಗಿಲು ಹಾಕಬೇಡಿ. ಒಳಗೆ ಮಲಗಿದವರಿಗೆ ಕಾಯಲು ಸಮಯವಿರುವುದಿಲ್ಲ.

ಅವತ್ತು ಕುರ್ಚಿ ಹೊಸಿಲು ದಾಟಿದಾಗ ಎರಡೂ ಕಡೆ ಎರಡೆರಡು ಬೆರಳು ಜಾಗ ಉಳಿಯಿತು. ಐದು ವಾರದ ಮೇಲೆ ಬಿಸಿಲು ಕಂಡ ಗಡಿಯಾರ ರಿಪೇರಿಯವರು ಕಣ್ಣು ಕಿರಿದು ಮಾಡಿ, ಎದುರಂಗಡಿಯ ಗೋಡೆ ಗಡಿಯಾರ ನೋಡಿ, “ಏಳು ನಿಮಿಷ ಹಿಂದಿದೆ,” ಎಂದು ತೊದಲಿದರು.

“ದೇವ್ರು ದೊಡ್ಡೋನು!” ಎಂದುಬಿಟ್ಟರು ಅಕ್ಕ.

ಮೇಷ್ಟ್ರು ಹೆಗಲ ಮೇಲಿದ್ದ ಬಟ್ಟೆ ತೆಗೆದು ಅಕ್ಕನ ಕೈಗಿಟ್ಟರು.