ಅಧ್ಯಕ್ಷರು ಪಾಸಾದರು

ನಮ್ಮ ಅನಿಮೆ ಸಂಘದ ಅಧ್ಯಕ್ಷ ಪಾಸಾದ ಸುದ್ದಿ ಬಂದಾಗ ಗುಬ್ಬಿ ಅಳುತ್ತಿದ್ದಳು, ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಪಾಸಾದವನು ಮೂಲೆಯ ಕುರ್ಚಿಯಲ್ಲಿ ಉಗುರು ಕಚ್ಚುತ್ತಿದ್ದ.

ಹೊರಗಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಕಾಲೇಜಿನ ನಿಯಮದ ಪ್ರಕಾರ ಸಂಘವೆಂದರೆ ಕಡಿಮೆಯೆಂದರೂ ಮೂರು ಜನ ವಿದ್ಯಾರ್ಥಿಗಳಿರಬೇಕು. ನಾವು ಇದ್ದದ್ದೇ ಮೂವರು: ಅಧ್ಯಕ್ಷ, ಅನಿಮೆ ಪಾತ್ರಗಳ ಉಡುಪು ಹೊಲಿಯುವ ಗುಬ್ಬಿ, ಮತ್ತು ಪ್ರೊಜೆಕ್ಟರ್‌ನ ವೈರು ಅಲ್ಲಾಡದಂತೆ ಹಿಡಿದುಕೊಂಡು ಕೂರುವ ನಾನು. ಮೆಟ್ಟಿಲ ಕೆಳಗಿನ ನಮ್ಮ ಕೋಣೆಯ ಮೇಲೆ ಟೇಬಲ್ ಟೆನಿಸ್‌ನವರು ಆಗಲೇ ಕಣ್ಣು ಹಾಕಿದ್ದರು. ಹೊಸಬರು ಬರುತ್ತಲೇ ಇರಲಿಲ್ಲವೆಂದೇನಲ್ಲ. ಬಂದವರು ಬಾಯಿತಪ್ಪಿ ಜಪಾನಿನ ಅನಿಮೆಯನ್ನು 'ಕಾರ್ಟೂನ್' ಎಂದರೆ ಸಾಕು, ಅಧ್ಯಕ್ಷ ಅವರನ್ನು ಕೂರಿಸಿಕೊಂಡು ಪಾಠ ಶುರುಮಾಡುತ್ತಿದ್ದ. ಆಮೇಲೆ ಅವರು ಈ ಕಡೆ ತಲೆ ಹಾಕುತ್ತಿರಲಿಲ್ಲ.

ಅದಕ್ಕೇ ಅವನೊಂದು ಉಪಾಯ ಹೂಡಿದ್ದ. ಕೊನೆಯ ವರ್ಷದ ಒಂದೇ ಒಂದು ಪೇಪರ್‌ನಲ್ಲಿ ಪ್ರತಿಸಲವೂ ಬೇಕೆಂದೇ ಫೇಲಾಗಿ ವಿದ್ಯಾರ್ಥಿಯಾಗೇ ಉಳಿಯುವುದು. ಅದೂ ಎಂಥ ಪೇಪರ್? ಸಿನಿಮಾ ಪರಿಚಯ. ಕಣ್ಣು ಮುಚ್ಚಿಕೊಂಡು ಬರೆದರೂ ಪಾಸಾಗುವ ವಿಷಯ. ಅವನು ಹೋಗಿ ನಂಬರ್ ಬರೆದು, ಖಾಲಿ ಹಾಳೆಯ ಮೇಲೆ ಕೈಕಟ್ಟಿ ಕೂತು ಬರುತ್ತಿದ್ದ. ಅವನ ಜೊತೆಗೆ ಓದಿದವರೆಲ್ಲ ಕೆಲಸಕ್ಕೆ ಸೇರಿ, ಮದುವೆಯಾಗಿ, ಹೊಟ್ಟೆ ಬೆಳೆಸಿಕೊಂಡಿದ್ದರು. ಇವನಿಗೆ ಈ ಕೋಣೆ ಬಿಟ್ಟರೆ ಬೇರೆ ಲೋಕವೇ ಇರಲಿಲ್ಲ.

"ಈ ಸಲ ಬರೆದಿದ್ದು ಯಾಕೆ?" ಎಂದು ನಾನು ಹಲ್ಲು ಕಚ್ಚಿಕೊಂಡು ಕೇಳಿದೆ.

"ಪ್ರಶ್ನೆ ಓದಿಬಿಟ್ಟೆ ಕಣೋ."

"ಯಾರು ಓದು ಅಂದ್ರು ನಿಂಗೆ?"

ಪ್ರಶ್ನೆ ಹೀಗಿತ್ತಂತೆ: ಅನಿಮೇಷನ್‌ನಲ್ಲಿ ಸೆಕೆಂಡಿಗೆ ಇಪ್ಪತ್ತನಾಲ್ಕು ಬೇರೆಬೇರೆ ಚಿತ್ರಗಳನ್ನು ಬಿಡಿಸಲೇಬೇಕು, ಏಕೆ?

"ಬಿಡಿಸಲೇಬೇಕು ಅಂತ ಇಲ್ಲ," ಎಂದ ಅಧ್ಯಕ್ಷ. ಹೇಳುವಾಗ ಈಗಲೂ ಅವನ ಧ್ವನಿ ನಡುಗುತ್ತಿತ್ತು. "ಒಂದೇ ಚಿತ್ರಾನ ಎರಡು ಫ್ರೇಮ್, ಮೂರು ಫ್ರೇಮ್ ನಿಲ್ಲಿಸ್ತಾರೆ. ಎಂಟು ಚಿತ್ರದಲ್ಲಿ ಒಂದು ಸೆಕೆಂಡ್ ಮುಗಿಸಿರೋರು ಎಷ್ಟು ಜನ ಇದ್ದಾರೆ. ಅದನ್ನ ಹೇಗೆ ನೋಡ್ಕೊಂಡು ಸುಮ್ನಿರ್ಲಿ?"

ಸುಮ್ಮನಿರಲಿಲ್ಲ. ಹೆಚ್ಚಿನ ಹಾಳೆ ಕೇಳಿ ಪಡೆದು, ಅಂಚಿನಲ್ಲಿ ಓಡುವ ಕುದುರೆಯ ಚಿತ್ರ ಬಿಡಿಸಿ ತೋರಿಸಿ, ಅದೇ ಆವೇಶದಲ್ಲಿ ಉಳಿದ ಪ್ರಶ್ನೆಗಳಿಗೂ ಉತ್ತರ ಗೀಚಿ ಬಂದಿದ್ದ. ತರಗತಿಗೇ ಮೊದಲು.

ಗುಬ್ಬಿ ಕಣ್ಣೊರೆಸಿಕೊಂಡು ಎದ್ದಳು. "ಮೇಷ್ಟ್ರ ಕಾಲಿಗೆ ಬೀಳೋಣ ನಡೀರಿ."

ಸಿನಿಮಾ ಪರಿಚಯದ ಮೇಷ್ಟ್ರು ಸ್ಟಾಫ್ ರೂಮಿನ ಕಿಟಕಿಯ ಬಳಿ ಚಹಾ ಆರಿಸುತ್ತಿದ್ದರು. ಅಧ್ಯಕ್ಷನನ್ನು ಕಂಡದ್ದೇ ಎದ್ದು ನಿಂತು ಕೈ ಕುಲುಕಿದರು.

"ಸರ್, ಇವನನ್ನ ದಯವಿಟ್ಟು ಫೇಲ್ ಮಾಡಿ," ಎಂದಳು ಗುಬ್ಬಿ.

"ಏನಮ್ಮ?"

"ಒಂದೇ ಮಾರ್ಕಲ್ಲಿ ಮಾಡಿದ್ರೂ ಸಾಕು ಸರ್," ಎಂದೆ ನಾನು.

ಅವರು ತಮಾಷೆಯೆಂದುಕೊಂಡು ಮನಸಾರೆ ನಕ್ಕರು. ಆಮೇಲೆ ಅಧ್ಯಕ್ಷನ ಭುಜದ ಮೇಲೆ ಕೈಯಿಟ್ಟು, "ಆ ಪ್ರಶ್ನೆ ನಾನೇ ಹಾಕಿದ್ದು ಕಣಯ್ಯ. ಎಷ್ಟೋ ವರ್ಷದಿಂದ ಹಾಕ್ತಾ ಇದ್ದೀನಿ, ಒಬ್ಬನಾದ್ರೂ ಪ್ರಶ್ನೆಯೇ ತಪ್ಪು ಅಂದಿರಲಿಲ್ಲ. ನಿನ್ನ ಉತ್ತರಾನ ಮನೇಲಿ ಹೆಂಡತಿಗೆ ಓದಿ ಹೇಳ್ದೆ," ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅಂಥವರ ಮುಂದೆ ಏನೆಂದು ಬೇಡುವುದು? ನಾವು ಮೂವರೂ ಪೆಚ್ಚುಮೋರೆ ಹಾಕಿಕೊಂಡು ಮೆಟ್ಟಿಲಿಳಿದೆವು.

ಕೋಣೆಯ ಮುಂದೆ ಅಧ್ಯಕ್ಷನ ತಾಯಿ ನಿಂತಿದ್ದರು. ನಾವು ಅವರನ್ನು ನೋಡಿದ್ದು ಅದೇ ಮೊದಲು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವರ ಕೆಲಸ. ಪಾಸಾದ ಸುದ್ದಿ ಕೇಳಿ ಅಲ್ಲಿಂದಲೇ ನೇರ ಬಂದಿದ್ದರಿಂದ ನೀಲಿ ಮೇಲಂಗಿಯೂ ಬಿಚ್ಚಿರಲಿಲ್ಲ. ಬಿಸಿನೀರಿಗೆ ಕೈಬೆರಳೆಲ್ಲ ಬೆಳ್ಳಗೆ ಸುಕ್ಕುಗಟ್ಟಿತ್ತು.

"ಇವನನ್ನ ಜೊತೇಲಿ ಕೂರಿಸ್ಕೊಂಡು ಓದಿಸ್ತಿದ್ದೋರು ನೀವೇ ಅಲ್ವಾ?" ಎಂದು ಗುಬ್ಬಿಯ ಎರಡೂ ಕೈ ಹಿಡಿದುಕೊಂಡರು. "ಸಂಜೆ ಬರೋದು ತಡ ಆದಾಗೆಲ್ಲ ಹೇಳ್ತಿದ್ದ. ನಿಮ್ಮ ಉಪಕಾರ ಹೇಗೆ ತೀರಿಸ್ಲಿ ತಾಯಿ."

ಗುಬ್ಬಿ ನನ್ನ ಮುಖ ನೋಡಿದಳು. ನಾನು ಅಧ್ಯಕ್ಷನ ಮುಖ ನೋಡಿದೆ. ಆ ಗಳಿಗೆಯಲ್ಲಿ ಅವನ ಮೇಲೆ ನನಗೆ ಬಂದಷ್ಟು ಸಿಟ್ಟು ಇನ್ನಾರ ಮೇಲೂ ಬಂದಿಲ್ಲ.

"ಸಂಜೆ ಆಫೀಸುಗಳನ್ನ ಗುಡಿಸೋಕೆ ಹೋಗ್ತಿದ್ದೆ ನೋಡಿ, ಅದನ್ನ ಇವತ್ತು ಬಿಟ್ಬಿಟ್ಟೆ," ಎಂದರು ತಾಯಿ. ಒಳಗೆ ಬಂದು, ಗುಬ್ಬಿ ಹೊಲಿಯುತ್ತಿದ್ದ ರೆಕ್ಕೆಗಳನ್ನು ಜೋಪಾನವಾಗಿ ಸರಿಸಿ ಕೂತರು. "ಇನ್ನು ಮಗ ದುಡೀತಾನೆ. ಇಷ್ಟು ವರ್ಷದಲ್ಲಿ ಒಂದಿನ ಇವನನ್ನ ಬೈಲಿಲ್ಲ ನಾನು. ಕೈಲಾಗದ್ದಕ್ಕೆ ಬೈದು ಏನು ಬಂತು ಹೇಳಿ. ಪಾಪ, ಬುದ್ಧಿ ಸ್ವಲ್ಪ ಮಂದ. ನನ್ನದೇ ಬಂದಿದೆ ಅವನಿಗೆ."

"ನೀನು ಮಂದ ಅಲ್ಲಮ್ಮ," ಎಂದ ಅಧ್ಯಕ್ಷ.

"ಹಾಗಾದ್ರೆ ನಿಂಗೆ ಎಲ್ಲಿಂದ ಬಂತಪ್ಪ?" ಎಂದು ನಕ್ಕು, ತಾಯಿ ಅವನ ತಲೆ ಸವರಿದರು.

ಅವನು ನಮ್ಮ ಕಡೆ ತಿರುಗಿದ. ನಾವಿಬ್ಬರೂ ನೆಲ ನೋಡುತ್ತಿದ್ದೆವು.